ಹಳೆ ಮಾಳಿಗೆ ಮನೆಯ ಒಲೆಗೂಡಿಗೆ ಹೊಗೆ ಕೊಳವೆ ಒಲೆ: ಗೋಡೆ, ನೆಲ, ಮಾಳಿಗೆ ಸಿದ್ಧ ಮಾಡುವುದು ಹೇಗೆ?

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಓದುಗರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. "ಅಜ್ಜನ ಕಾಲದ ಮಾಳಿಗೆ ಮನೆ. ಅಡುಗೆಮನೆಯ ಗೋಡೆಯೊಳಗೆ ಒಲೆಗೂಡು ಇದೆ. ಗ್ಯಾಸ್ ಇದ್ದರೂ ಜೋಳದ ರೊಟ್ಟಿಗೆ ಕಟ್ಟಿಗೆ ಒಲೆಯೇ ಬೇಕು. ಹೊಗೆ ಮಾತ್ರ ಬೇಡ. ಆ ಗೂಡಿನಲ್ಲೇ ಕೊಳವೆ ಇರುವ ಕಬ್ಬಿಣದ ಒಲೆ ಕೂರಿಸಬಹುದಾ?"

ಕೂರಿಸಬಹುದು. ಆದರೆ ಹೆಚ್ಚಿನವರು ಮೊದಲು ಒಲೆ ತಂದು, ಆಮೇಲೆ ಕೊಳವೆ ಎಲ್ಲಿಂದ ತೆಗೆಯೋಣ ಎಂದು ಮಾಳಿಗೆ ನೋಡುತ್ತಾರೆ. ಇದನ್ನು ತಿರುಗಿಸಿ ಮಾಡಬೇಕು. ಮೊದಲು ಹೊಗೆಯ ದಾರಿ, ಆಮೇಲೆ ಗೋಡೆ ಮತ್ತು ನೆಲ, ಕೊನೆಗೆ ಒಲೆ. ಒಲೆ ಎಷ್ಟೇ ಒಳ್ಳೆಯದಿರಲಿ, ದಾರಿ ಸರಿಯಿಲ್ಲದಿದ್ದರೆ ಹೊಗೆ ಮನೆಯೊಳಗೇ ಬರುತ್ತದೆ. ಕೊಳವೆ ಜಂತಿಗೆ ಹತ್ತಿರವಾದರೆ ಮನೆಗೇ ಬೆಂಕಿ ಬೀಳಬಹುದು. ಅದಕ್ಕೇ ಈ ಲೇಖನದಲ್ಲಿ ಒಲೆಗಿಂತ ಗೋಡೆ, ಮಾಳಿಗೆಯ ಮಾತೇ ಜಾಸ್ತಿ.

ಕೆಲಸಕ್ಕೆ ಒಳ್ಳೆಯ ಕಾಲ ಸಂಕ್ರಾಂತಿ ಕಳೆದ ಮೇಲೆ. ತೊಗರಿ ರಾಶಿ ಮುಗಿದಿರುತ್ತದೆ, ಗೌಂಡಿಗಳು ಸಿಗುತ್ತಾರೆ, ಮಣ್ಣಿನ ಕೆಲಸ ಒಣಗಲು ಬಿಸಿಲೂ ಇರುತ್ತದೆ. ಮಿರಗ ಹಿಡಿಯುವ ಮೊದಲೇ ಮಾಳಿಗೆಯ ಕೆಲಸ ಮುಗಿದಿರಬೇಕು. ಮಳೆಗಾಲದಲ್ಲಿ ಮಾಳಿಗೆಗೆ ತೂತು ಹಾಕುವ ಯೋಚನೆಯನ್ನೇ ಮಾಡಬೇಡಿ.

ಏನೇನು ಬೇಕು?

ಚೆನ್ನಾಗಿ ಸುಟ್ಟ ಕೆಂಪು ಇಟ್ಟಿಗೆ. ಬೆಂಕಿ ನೇರ ತಾಗುವ ಕಡೆಗೆ ಫೈರ್ ಬ್ರಿಕ್, ಅಂದರೆ ಹೆಚ್ಚು ಶಾಖ ತಡೆಯುವ ವಿಶೇಷ ಇಟ್ಟಿಗೆ. ಬೇಕರಿ ಭಟ್ಟಿ ಕಟ್ಟುವವರನ್ನು ಕೇಳಿದರೆ ಅದು ಎಲ್ಲಿ ಸಿಗುತ್ತದೆ ಎಂದು ಹೇಳುತ್ತಾರೆ. ಹುತ್ತದ ಮಣ್ಣು, ಮರಳು, ಸಣ್ಣಗೆ ಕತ್ತರಿಸಿದ ಹುಲ್ಲು. ದಪ್ಪ ಕಬ್ಬಿಣದ ತಗಡಿನ ಕೊಳವೆ, ಅದರ ಮೇಲೆ ಮಳೆ ಟೋಪಿ. ಮಾಳಿಗೆ ದಾಟಿಸುವ ಕಡೆ ತುಂಬಲು ರಾಕ್‌ವೂಲ್. ಇದು ಕಲ್ಲನ್ನು ಕರಗಿಸಿ ತೆಗೆದ ನಾರು, ಬೆಂಕಿ ಹಿಡಿಯುವುದಿಲ್ಲ. ಜೊತೆಗೆ ಟೇಪು, ತೂಕದ ಗುಂಡು, ಕೈಗವಸು, ಮೂಗಿಗೆ ಮಾಸ್ಕ್.

ಇನ್ನೊಂದು ವಸ್ತು ಮರೆಯಬೇಡಿ: ನೀವು ದಿನಾ ಬಳಸುವ ರೊಟ್ಟಿ ಹಂಚು. ಒಲೆಯ ಮೇಲಿನ ಬಾಯಿ ಹಂಚಿನ ಅಳತೆಗೆ ಕೂಡಬೇಕು. ಹಂಚಿನ ಸುತ್ತ ಸಂದು ಉಳಿದರೆ ಅಲ್ಲಿಂದ ತಣ್ಣನೆ ಗಾಳಿ ಒಳಗೆ ಹೋಗಿ ಕೊಳವೆಯ ಸೆಳೆತ ಕಡಿಮೆಯಾಗುತ್ತದೆ. ಸೆಳೆತ ಅಂದರೆ ಬಿಸಿ ಹೊಗೆ ಮೇಲೇರುವಾಗ ಒಲೆಯೊಳಗಿನ ಗಾಳಿಯನ್ನು ತನ್ನ ಹಿಂದೆ ಎಳೆದುಕೊಂಡು ಹೋಗುವ ಬಲ. ಈ ಮಾತು ಮುಂದೆ ಹಲವು ಸಲ ಬರುತ್ತದೆ.

1. ಗೂಡನ್ನು ಖಾಲಿ ಮಾಡಿ ಚೆನ್ನಾಗಿ ನೋಡಿ

ಹಳೆ ಒಲೆ, ಬೂದಿ, ಗೋಡೆಗೆ ಅಂಟಿದ ಮಸಿ ಎಲ್ಲಾ ತೆಗೆಯಿರಿ. ಮಸಿ ಕೆರೆಯುವಾಗ ಮಾಸ್ಕ್ ಹಾಕಿಕೊಳ್ಳಿ, ಮಕ್ಕಳನ್ನು ಹೊರಗೆ ಕಳಿಸಿ. ಗೂಡಿಗೆ ಆಯಿಲ್ ಪೇಂಟ್ ಹೊಡೆದಿದ್ದರೆ ಪೂರ್ತಿ ಕೆರೆದು ತೆಗೆಯಬೇಕು. ಶಾಖಕ್ಕೆ ಅದು ಕೆಟ್ಟ ವಾಸನೆಯ ಹೊಗೆ ಬಿಡುತ್ತದೆ.

ಈಗ ಗೂಡಿನ ತಲೆಯ ಮೇಲೆ ಕೈಯಾಡಿಸಿ ನೋಡಿ. ಅಡ್ಡಕ್ಕೆ ಇರುವುದು ಕಲ್ಲೋ, ಕಟ್ಟಿಗೆಯ ತೊಲೆಯೋ? ಎಷ್ಟೋ ಹಳೆ ಮನೆಗಳಲ್ಲಿ ಅದು ಕಟ್ಟಿಗೆ. ಗಾರೆಯೊಳಗೆ ಮುಚ್ಚಿಹೋಗಿ ಕಾಣುವುದಿಲ್ಲ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಸದ್ದಿನಲ್ಲೇ ಗೊತ್ತಾಗುತ್ತದೆ. ಕಟ್ಟಿಗೆ ಇದ್ದರೆ ಅದನ್ನು ತೆಗೆಸಿ ಕಲ್ಲಿನದೋ ಕಾಂಕ್ರೀಟಿನದೋ ಹಾಕಿಸಬೇಕು. ಈ ಕೆಲಸ ನೀವೇ ಮಾಡಬೇಡಿ. ಗೋಡೆಗೆ ಆನಿಕೆ ಕೊಟ್ಟು, ಅನುಭವ ಇರುವ ಗೌಂಡಿ ಮಾಡಲಿ.

"ಇಷ್ಟು ವರ್ಷ ಒಲೆ ಉರಿದರೂ ಆ ತೊಲೆಗೆ ಏನೂ ಆಗಿಲ್ಲ" ಅನ್ನುವವರಿದ್ದಾರೆ. ತೆರೆದ ಒಲೆಯ ಶಾಖ ಕೋಣೆಯ ತುಂಬ ಹರಡುತ್ತದೆ. ಮುಚ್ಚಿದ ಒಲೆಯಲ್ಲಿ ಅದು ಒಲೆಯ ಮೈ ಮತ್ತು ಕೊಳವೆಯಲ್ಲಿ ಸೇರಿಕೊಂಡು ಒಂದೇ ಜಾಗಕ್ಕೆ ದಿನಾ ಬಡಿಯುತ್ತದೆ. ಹಾಗೆ ವರ್ಷಗಟ್ಟಲೆ ಬಿಸಿಯಾದ ಕಟ್ಟಿಗೆ ಒಳಗೊಳಗೇ ಇದ್ದಿಲಿನ ಥರ ಆಗುತ್ತದೆ. ಆಮೇಲೆ ಹೊಸ ಕಟ್ಟಿಗೆಗಿಂತ ಕಡಿಮೆ ಶಾಖಕ್ಕೇ ಹೊತ್ತಿಕೊಳ್ಳುತ್ತದೆ.

ಗೂಡಿನ ಹತ್ತಿರ ವೈರು, ಸ್ವಿಚ್ಚು ಇದ್ದರೆ ಬೇರೆ ಕಡೆ ಹಾಕಿಸಿ. ಗ್ಯಾಸ್ ಸಿಲಿಂಡರ್ ಅದೇ ಕೋಣೆಯಲ್ಲಿ ಇರಲೇಬಾರದು. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲದ ಮೇಲೇ ಹರಿದು ಬಂದು ಕೆಂಡ ಮುಟ್ಟುತ್ತದೆ. ಗೂಡು ಇರುವುದು ಪಕ್ಕದ ಮನೆಯವರಿಗೂ ಸೇರಿದ ಗೋಡೆಯಾದರೆ ಅವರ ಕಡೆ ಏನಿದೆ ನೋಡಿ ಬನ್ನಿ. ಅಲ್ಲಿ ಕಪಾಟೋ, ಕಾಳಿನ ಚೀಲವೋ ಇರಬಹುದು.

2. ಹೊಗೆಯ ದಾರಿ ಗುರುತು ಮಾಡಿ

ಮಾಳಿಗೆಯಲ್ಲಿ ಬೆಳಕಿಂಡಿ ಇದ್ದೇ ಇರುತ್ತದೆ, ಅಲ್ವಾ? ಹಿಂದೆ ಹೊಗೆ ಹೋಗುತ್ತಿದ್ದದ್ದು ಅಲ್ಲಿಂದಲೇ. ಅದು ಗೂಡಿನ ನೇರ ಮೇಲಿದ್ದರೆ ನಿಮ್ಮ ಅರ್ಧ ಕೆಲಸ ಆಯಿತು. ತೂಕದ ಗುಂಡು ಇಳಿಬಿಟ್ಟು ನೋಡಿ. ಒಂದೆರಡು ಅಡಿ ಆಚೀಚೆ ಇದ್ದರೆ ಕೊಳವೆಯನ್ನು ಓರೆಯಾಗಿ ತಿರುಗಿಸಬಹುದು. ತಿರುವು 45 ಡಿಗ್ರಿ ಮೀರಬಾರದು, ಎರಡಕ್ಕಿಂತ ಜಾಸ್ತಿ ತಿರುವೂ ಬೇಡ. ಗೋಡೆ ಮೂಲೆಯ ಹಾಗೆ 90 ಡಿಗ್ರಿ ಇರುವ ತಿರುವಿನಲ್ಲಿ ಹೊಗೆ ತಡೆದು ನಿಲ್ಲುತ್ತದೆ, ಮಸಿ ಕೂರುವುದೂ ಅಲ್ಲೇ. ಒಂದು ಎಚ್ಚರ: ಬೆಳಕಿಂಡಿಯನ್ನು ಕೊಳವೆಗೆ ಬಿಟ್ಟುಕೊಟ್ಟರೆ ಕೋಣೆಗೆ ಬೆಳಕು, ಗಾಳಿ ಬೇರೆ ಕಡೆಯಿಂದ ಬರಬೇಕು. ಕಿಟಕಿಯೇ ಇಲ್ಲದ ಅಡುಗೆಮನೆಯಾದರೆ ಬೆಳಕಿಂಡಿ ಮುಚ್ಚಬೇಡಿ, ಕೊಳವೆಗೆ ಬೇರೆ ತೂತು ಮಾಡಿಸಿ.

ಎತ್ತರ ಎಷ್ಟು ಬೇಕು? ಒಲೆಯಿಂದ ಕೊಳವೆ ತುದಿಯವರೆಗೆ 12 ಅಡಿಯಾದರೂ ಸಿಗಲಿ, 15 ಅಡಿ ಸಿಕ್ಕರೆ ಇನ್ನೂ ಒಳ್ಳೆಯದು. ಕೊಳವೆ ಮಾಳಿಗೆ ದಾಟಿದ ಜಾಗದಿಂದ ಕನಿಷ್ಠ 3 ಅಡಿ ಮೇಲೆ ನಿಲ್ಲಬೇಕು. ಸುತ್ತ 10 ಅಡಿಯೊಳಗೆ ಕುಂಬಿ ಗೋಡೆ, ನೀರಿನ ಟ್ಯಾಂಕು, ಪಕ್ಕದ ಮನೆಯ ಗೋಡೆ ಏನೇ ಇದ್ದರೂ ಅದಕ್ಕಿಂತ 2 ಅಡಿ ಎತ್ತರ ಇರಬೇಕು. ಇಲ್ಲವಾದರೆ ಗಾಳಿ ಗೋಡೆಗೆ ಬಡಿದು ಕೆಳಗೆ ತಿರುಗಿ ಹೊಗೆಯನ್ನು ಮತ್ತೆ ಅಡುಗೆಮನೆಗೇ ತಳ್ಳುತ್ತದೆ. ಮಳೆಗಾಲದ ಪಡುವಣ ಗಾಳಿಯಲ್ಲಿ ಮಾತ್ರ ಒಲೆ ಹೊಗೆಯುತ್ತದೆ ಅನ್ನುವವರು ಮೊದಲು ನೋಡಬೇಕಾದದ್ದು ಇದನ್ನೇ.

ಮಾಳಿಗೆ ಒಡೆಯುವುದು ಬೇಡ ಅನ್ನುವವರು ಗೋಡೆಯಿಂದ ಕೊಳವೆಯನ್ನು ಹೊರಗೆ ತೆಗೆದು ಮೇಲೇರಿಸಬಹುದು. ಸುಲಭ, ಸೋರುವ ಭಯವೂ ಇಲ್ಲ. ಆದರೆ ಹೊರಗಿನ ಕೊಳವೆ ಬೇಗ ತಣ್ಣಗಾಗುತ್ತದೆ, ಒಳಗೆ ಜಿಡ್ಡು ಜಾಸ್ತಿ ಕಟ್ಟುತ್ತದೆ. ಬೀದರ್ ಎತ್ತರದ ಊರು, ಡಿಸೆಂಬರ್ ಮುಂಜಾನೆ ಅಲ್ಲಿ ಒಳ್ಳೆಯ ಚಳಿ. ಅಲ್ಲಿಯವರಿಗೆ ನಾನು ಒಳಗಿನಿಂದಲೇ ಏರಿಸಿ ಅನ್ನುತ್ತೇನೆ.

3. ಗೂಡಿನೊಳಗೆ ಇಟ್ಟಿಗೆಯ ಹೊದಿಕೆ

ನಮ್ಮ ಕಡೆ ಜನ ಹೆಚ್ಚು ಎಡವುವುದು ಇಲ್ಲಿಯೇ. ಮನೆಯಲ್ಲಿ ಉಳಿದ ಶಹಾಬಾದ್ ಫರಸಿ ಇದೆ, ಸುಮ್ನೆ ಯಾಕೆ ಬಿಡಬೇಕು ಎಂದು ಅದನ್ನೇ ಒಲೆಯ ಹಿಂದೆ, ಕೆಳಗೆ ಕೂರಿಸುತ್ತಾರೆ. ಬೇಡ. ಶಹಾಬಾದ್ ಕಲ್ಲು ಸುಣ್ಣದ ಕಲ್ಲು. ವಾಡಿ, ಸೇಡಂ, ಮಳಖೇಡ ಕಡೆಯ ಕಾರ್ಖಾನೆಗಳು ಸಿಮೆಂಟ್ ಮಾಡಲು ಭಟ್ಟಿಯಲ್ಲಿ ಸುಡುವುದು ಈ ಸುಣ್ಣದ ಕಲ್ಲನ್ನೇ. ಸುಮಾರು 900 ಡಿಗ್ರಿಯಲ್ಲಿ ಅದು ಸುಟ್ಟು ಸುಣ್ಣವಾಗುತ್ತದೆ. ಅಷ್ಟು ಶಾಖ ತಾಗುವ ಮೊದಲೇ ಇನ್ನೊಂದು ತೊಂದರೆ ಶುರು. ಈ ಕಲ್ಲು ಪದರ ಪದರವಾಗಿರುತ್ತದೆ, ಪದರಗಳ ನಡುವೆ ತೇವ ಉಳಿದಿರುತ್ತದೆ. ಬೆಂಕಿ ತಾಗಿದಾಗ ತೇವ ಆವಿಯಾಗಿ ಪದರ ಬಿಡಿಸುತ್ತದೆ, ಕಲ್ಲು ಚಟ್ ಎಂದು ಸಿಡಿಯುತ್ತದೆ. ರೊಟ್ಟಿ ಬಡಿಯುತ್ತಾ ಕೂತವರ ಮುಖಕ್ಕೇ ಚೂರು ಹಾರಬಹುದು.

ಯಾದಗಿರಿ, ಶಹಾಪುರ, ಸುರಪುರದ ಕಡೆಯವರು "ನಮ್ಮದು ಗಟ್ಟಿ ಗ್ರಾನೈಟು" ಎಂದು ಧೈರ್ಯ ಮಾಡಬೇಡಿ. ಹಿಂದೆ ಬಂಡೆ ಸೀಳುವವರು ಅದರ ಮೇಲೆ ಬೆಂಕಿ ಹಾಕಿಯೇ ಸೀಳುತ್ತಿದ್ದರು. ಬೀದರಿನ ಕೆಂಪು ಜಂಬಿಟ್ಟಿಗೆ, ಆಳಂದದ ಕಡೆಯ ಕರಿ ಕಲ್ಲು ಎರಡೂ ಹೊರಗೋಡೆಗೆ ಚೆಂದ. ಬೆಂಕಿಯ ಎದುರಿಗೆ ಮಾತ್ರ ಇಟ್ಟಿಗೆಯೇ ಇರಲಿ.

ಹಾಗಾಗಿ ಗೂಡಿನ ಹಿಂದೆ ಮತ್ತು ಎರಡೂ ಪಕ್ಕಕ್ಕೆ ಸುಟ್ಟ ಇಟ್ಟಿಗೆಯ ಒಂದು ಸಾಲು ಕಟ್ಟಿಸಿ. ಕಲ್ಲಿನ ಗೋಡೆಗೂ ಇಟ್ಟಿಗೆಗೂ ನಡುವೆ ಒಂದು ಅಂಗುಲ ಸಂದು ಬಿಡಿ. ಆ ಸಂದಿಗೆ ಕೆಳಗೂ ಮೇಲೂ ಸಣ್ಣ ಬಾಯಿ ಇದ್ದರೆ ಗಾಳಿ ಆಡಿ ಗೋಡೆ ತಂಪಾಗಿ ಉಳಿಯುತ್ತದೆ. ಸಿಮೆಂಟ್ ಬ್ಲಾಕ್, ಹಾರುಬೂದಿ ಇಟ್ಟಿಗೆ ಇಲ್ಲಿ ಬೇಡ. ಮಾಮೂಲಿ ಸಿಮೆಂಟ್ ಗಾರೆಯೂ ಬೇಡ. ಜಾಸ್ತಿ ಶಾಖಕ್ಕೆ ಅದು ಬಲ ಕಳೆದುಕೊಂಡು ಪುಡಿಯಾಗುತ್ತದೆ. ಗೌಂಡಿ "ಸಿಮೆಂಟ್ ಹಾಕಿದರೆ ಗಟ್ಟಿ" ಎಂದೇ ಹೇಳುತ್ತಾನೆ. ನೀವು ಒಪ್ಪಬೇಡಿ.

ಗಾರೆಗೆ ಹುತ್ತದ ಮಣ್ಣು ಎರಡು ಪಾಲು, ಮರಳು ಒಂದು ಪಾಲು, ಒಂದಿಷ್ಟು ಕತ್ತರಿಸಿದ ಹುಲ್ಲು, ಸೆಗಣಿ. ಹೊಲದ ಎರೆ ಮಣ್ಣು ತರಬೇಡಿ. ಬೇಸಿಗೆಯ ಎರೆ ಹೊಲ ಬಿರಿದಿರುವುದನ್ನು ನೋಡಿದ್ದೀರಲ್ಲ, ಒಲೆಯ ಗೋಡೆಯೂ ಹಾಗೇ ಬಿರಿಯುತ್ತದೆ. ಕಲಸಿದ ಮಣ್ಣಿನಿಂದ ಲಿಂಬೆ ಗಾತ್ರದ ಎರಡು ಮೂರು ಉಂಡೆ ಮಾಡಿ ನೆರಳಲ್ಲಿ ಒಣಗಿಸಿ. ಬಿರುಕು ಬಿಟ್ಟರೆ ಮರಳು ಹೆಚ್ಚಿಸಿ. ಉದುರಿದರೆ ಮಣ್ಣು ಹೆಚ್ಚಿಸಿ. ಕಟ್ಟಿದ ಮೇಲೆ ಒದ್ದೆ ಗೋಣಿಚೀಲ ಹೊದಿಸಿ ನಿಧಾನ ಒಣಗಲು ಬಿಡಿ. ಮಾರ್ಚ್, ಏಪ್ರಿಲ್ ಬಿಸಿಲಿಗೆ ಹೊರಮೈ ಬೇಗ ಒಣಗಿ ಒಳಗೆ ಹಸಿ ಉಳಿಯುತ್ತದೆ. ಬಿರುಕಿಗೆ ಕಾರಣ ಅದೇ.

ಒಲೆ ಕೂತ ಮೇಲೆ ಅದಕ್ಕೂ ಇಟ್ಟಿಗೆಗೂ ಹಿಂದೆ, ಪಕ್ಕ ಆರು ಅಂಗುಲ, ಮೇಲೆ ಒಂದು ಅಡಿಯಾದರೂ ಜಾಗ ಇರಬೇಕು. ಗೂಡಿನ ಅಳತೆಯಿಂದ ಇದನ್ನು ಕಳೆದರೆ ಎಷ್ಟು ದೊಡ್ಡ ಒಲೆ ಹಿಡಿಯುತ್ತದೆ ಎಂದು ಲೆಕ್ಕ ಸಿಗುತ್ತದೆ. ಆ ಅಳತೆ ಬರೆದುಕೊಂಡು ಈಗ ಒಲೆ ಕೊಳ್ಳಲು ಹೋಗಿ.

4. ನೆಲ

ಫರಸಿ ನೆಲದ ಮೇಲೆ ಎರಡು ಅಂಗುಲ ಮರಳು, ಅದರ ಮೇಲೆ ಇಟ್ಟಿಗೆ ಹಾಸಿ. ಒಲೆಯ ಬಾಯಿಯಿಂದ ಮುಂದಕ್ಕೆ 18 ಅಂಗುಲ ಈ ಹಾಸು ಬರಲಿ, ಕೆಂಡ ಬಿದ್ದರೆ ಅದರ ಮೇಲೇ ಬೀಳುತ್ತದೆ. ಚಾಪೆ, ಕಟ್ಟಿಗೆಯ ಕಪಾಟು, ಬಟ್ಟೆಯ ಪರದೆ ಒಲೆಯಿಂದ 3 ಅಡಿ ದೂರ.

5. ಮಾಳಿಗೆ ದಾಟಿಸುವುದು

ಅತಿ ಅಪಾಯದ ಹಂತ ಇದು. ಅವಸರ ಬೇಡ.

ಜಂತಿ, ತೊಲೆ ಇರುವ ಮಣ್ಣಿನ ಮಾಳಿಗೆಯಾದರೆ ಒಂಟಿ ತಗಡಿನ ಕೊಳವೆಗೂ ಯಾವುದೇ ಕಟ್ಟಿಗೆಗೂ 18 ಅಂಗುಲ ಅಂತರ ಬೇಕು. ಹೆಚ್ಚಿನ ಮನೆಗಳಲ್ಲಿ ಜಂತಿಗಳ ನಡುವೆ ಅಷ್ಟು ಜಾಗವೇ ಇರುವುದಿಲ್ಲ. ಆಗ ದಾರಿ ಎರಡು. ಒಂದು, ಒಳಗೊಂದು ಹೊರಗೊಂದು ಕೊಳವೆ ಇದ್ದು ನಡುವೆ ರಾಕ್‌ವೂಲ್ ತುಂಬಿದ, ಕಾರ್ಖಾನೆಯಲ್ಲೇ ತಯಾರಾದ ಜೋಡಿ ಕೊಳವೆ ಹಾಕುವುದು. ಅದಕ್ಕೆ ಎಷ್ಟು ಅಂತರ ಬೇಕು ಎಂದು ತಯಾರಿಸಿದವರೇ ಬರೆದಿರುತ್ತಾರೆ, ಅದನ್ನೇ ಪಾಲಿಸಿ. ಎರಡು, ಮಾಳಿಗೆ ಬಿಟ್ಟು ಗೋಡೆಯಿಂದ ಹೊರಗೆ ತೆಗೆಯುವುದು. ಜಂತಿಗೆ ತಗಡು ಸುತ್ತಿ, ಪಕ್ಕದಲ್ಲೇ ಕೊಳವೆ ಏರಿಸಿ "ಏನೂ ಆಗಲ್ಲ" ಅನ್ನುವ ಕೆಲಸಗಾರರು ಸಿಗುತ್ತಾರೆ. ತಗಡಿನ ಹಿಂದೆ ಕಟ್ಟಿಗೆ ಬಿಸಿಯಾಗುತ್ತಲೇ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ.

ಫರಸಿ ಹಾಸಿದ ಮಾಳಿಗೆಯಾದರೆ ಕಲ್ಲನ್ನು ಮೆಷಿನ್‌ನಲ್ಲಿ ಕೊಯ್ಯಿಸಿ. ಉಳಿಯಿಂದ ಹೊಡೆದರೆ ಕಲ್ಲಿನ ಉದ್ದಕ್ಕೂ ಸೀಳು ಹೋಗಿ ಮಾಳಿಗೆಯೇ ಕುಸಿಯಬಹುದು. ಇಡೀ ಫರಸಿ ತೆಗೆದು ಆ ಜಾಗಕ್ಕೆ ತೂತು ಬಿಟ್ಟ ಸಣ್ಣ ಕಾಂಕ್ರೀಟ್ ಹಲಗೆ ಕೂರಿಸುವುದು ಇನ್ನೂ ಒಳ್ಳೆಯದು. ಸ್ಲ್ಯಾಬ್ ಮನೆಯಾದರೆ ಕಬ್ಬಿಣದ ಸರಳು ಕತ್ತರಿಸದಂತೆ, ಎರಡು ಸರಳುಗಳ ನಡುವೆ ತೂತು ತೆಗೆಸಿ.

ಕಲ್ಲು, ಕಾಂಕ್ರೀಟು ಯಾವುದೇ ಇರಲಿ, ತೂತು ಕೊಳವೆಗಿಂತ ಸುತ್ತಲೂ ಎರಡು ಅಂಗುಲ ದೊಡ್ಡದಿರಲಿ. ಕೊಳವೆಯನ್ನು ಸ್ಲ್ಯಾಬಿಗೆ ಸಿಮೆಂಟಿನಿಂದ ಬಿಗಿ ಮಾಡಬೇಡಿ. ಕಬ್ಬಿಣ ಬಿಸಿಗೆ ಹಿಗ್ಗುತ್ತದೆ, ಜಾಗ ಇಲ್ಲದಿದ್ದರೆ ಸ್ಲ್ಯಾಬ್ ಬಿರುಕು ಬಿಡುತ್ತದೆ. ಸಂದಿಗೆ ರಾಕ್‌ವೂಲ್ ತುಂಬಿ. ಮೇಲೆ ತೂತಿನ ಸುತ್ತ ನಾಲ್ಕು ಅಂಗುಲ ಎತ್ತರದ ಕಟ್ಟೆ ಕಟ್ಟಿಸಿ, ಕೊಳವೆಗೆ ತಗಡಿನ ಕೊರಳಪಟ್ಟಿ ಹಾಕಿ ಕಟ್ಟೆಯ ಹೊರಗೆ ಬಾಗಿಸಿ. ಮಳೆ ನೀರು ಆಚೆ ಜಾರುತ್ತದೆ. ಡಾಂಬರು ಶೀಟು ಕೊಳವೆಗೆ ತಾಗದಿರಲಿ.

ಮಾಳಿಗೆಯ ಮೇಲೆ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಕುಳ್ಳು ಒಟ್ಟುವ ಅಭ್ಯಾಸ ಇದೆಯಲ್ಲ? ಕೊಳವೆ ಬಂದ ಮೇಲೆ ಅದನ್ನು ಬಿಡಬೇಕು. ಪಕ್ಕದಲ್ಲಿ ಬಣವೆ ಇದ್ದರೆ ಅದಕ್ಕೂ ಕಿಡಿ ಹಾರುತ್ತದೆ.

6. ಕೊಳವೆ ಯಾವುದು, ಜೋಡಿಸುವುದು ಹೇಗೆ

ಒಲೆಯ ಹಿಂದಿನ ಬಾಯಿ ಎಷ್ಟು ಅಗಲವೋ ಕೊಳವೆಯೂ ಅಷ್ಟೇ ಅಗಲ, ತುದಿಯವರೆಗೂ. ನಡುವೆ ಎಲ್ಲೂ ಸಣ್ಣದು ಮಾಡಬೇಡಿ. ಮನೆಯ ಸಣ್ಣ ಒಲೆಗೆ ಸಾಮಾನ್ಯವಾಗಿ 4 ಅಂಗುಲ, ಸಂಘದವರು ಮಾರಲು ರೊಟ್ಟಿ ಮಾಡುವ ದೊಡ್ಡ ಒಲೆಗೆ 6 ಅಂಗುಲ.

ಪಿವಿಸಿ ಬೇಡ, ಹೇಳಬೇಕಾದ್ದೇ ಇಲ್ಲ. ಜಿಐ ಕೊಳವೆ, ಅಂದರೆ ಸತು ಲೇಪಿಸಿದ ಕಬ್ಬಿಣ, ಒಲೆಯ ಹತ್ತಿರದ ತುಂಡಿಗೆ ಬೇಡ. ಸತು 420 ಡಿಗ್ರಿ ಹತ್ತಿರ ಕರಗುತ್ತದೆ, ಅದರ ಹೊಗೆ ಉಸಿರಿಗೆ ಕೆಟ್ಟದ್ದು. ಹಳೆ ಕಲ್ನಾರು ಸಿಮೆಂಟ್ ಕೊಳವೆ, ಅಂದರೆ ಆಸ್‌ಬೆಸ್ಟಾಸ್, ಮನೆಯಲ್ಲಿ ಬಿದ್ದಿದ್ದರೂ ಬಳಸಬೇಡಿ. ಅದನ್ನು ಕೊಯ್ದಾಗ ಏಳುವ ಸಣ್ಣ ನಾರು ಶ್ವಾಸಕೋಶ ಸೇರಿದರೆ ಕ್ಯಾನ್ಸರ್ ಬರಬಹುದು. ಬಣ್ಣ, ಸತು ಯಾವುದೂ ಇಲ್ಲದ ದಪ್ಪ ಕಬ್ಬಿಣ ಅಥವಾ ಸ್ಟೀಲ್ ಒಳ್ಳೆಯದು.

ಜೋಡಿಸುವಾಗ ಮೇಲಿನ ತುಂಡಿನ ಕೆಳತುದಿ ಕೆಳಗಿನ ತುಂಡಿನ ಒಳಗೆ ಕೂರಬೇಕು. ಬಹಳ ಜನ ಉಲ್ಟಾ ಮಾಡುತ್ತಾರೆ. ಉಲ್ಟಾ ಆದರೆ ಒಳಗೆ ಇಳಿಯುವ ಕರಿ ನೀರು ಪ್ರತಿ ಜೋಡಣೆಯಲ್ಲೂ ಹೊರಗೆ ಸೋರಿ ಗೋಡೆ ಹೊಲಸಾಗುತ್ತದೆ. ಪ್ರತಿ ಜೋಡಣೆಗೂ ಮೂರು ಸ್ಕ್ರೂ ಹಾಕಿ, ಸಂದಿಗೆ ಶಾಖ ತಡೆಯುವ ಫೈರ್ ಸಿಮೆಂಟ್ ಮೆತ್ತಿ. ಬುಡದಲ್ಲಿ ಮಸಿ ತೆಗೆಯಲು ಮುಚ್ಚಳ ಇರುವ ಬಾಯಿ ಇರಲೇಬೇಕು. ಆಮೇಲೆ ಮಾಡಿಸೋಣ ಅಂದರೆ ಆಗುವುದಿಲ್ಲ.

7. ಒಲೆ ಮತ್ತು ಗಾಳಿ

ರೊಟ್ಟಿಗೆಂದು ಕೊಳ್ಳುವವರು ಮುಂದಿನ ಬಾಯಿ ಅಗಲ ಇರುವ ಒಲೆಯನ್ನೇ ನೋಡಿ. ಹಂಚಿನಿಂದ ತೆಗೆದ ರೊಟ್ಟಿಯನ್ನು ಕೆಂಡದ ಎದುರು ನಿಲ್ಲಿಸಿ ಉಬ್ಬಿಸಲು ಜಾಗ ಬೇಕಲ್ಲ. ತೊಗರಿ ಕಟ್ಟಿಗೆ ಉದ್ದವಾಗಿ ಒಳಗೆ ಹೋಗುವಂತಿದ್ದರೆ ಕತ್ತರಿಸುವ ಕೆಲಸವೂ ತಪ್ಪುತ್ತದೆ. ಕಬ್ಬಿಣದ ಒಲೆಯೇ ಆಗಬೇಕೆಂದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದವರು ರೂಪಿಸಿದ ಅಸ್ತ್ರ ಒಲೆ ಮಣ್ಣು, ಇಟ್ಟಿಗೆಯಲ್ಲೇ ಕಟ್ಟುವಂಥದ್ದು. ಮುಚ್ಚಿದ ಉರಿಗೂಡು, ಕೆಳಗೆ ಬೂದಿ ಬೀಳುವ ಜಾಲರಿ, ಸಾಲಾಗಿ ಮೂರು ಪಾತ್ರೆಗೆ ಜಾಗ, ಕೊನೆಯಲ್ಲಿ ಹೊಗೆ ಕೊಳವೆ. ಇಲ್ಲಿ ಹೇಳಿದ ಗೋಡೆ, ಮಾಳಿಗೆಯ ಸಿದ್ಧತೆ ಅದಕ್ಕೂ ಹೊಂದುತ್ತದೆ.

ಉರಿಯುವಾಗ ಒಂದು ಕಿಟಕಿ ತೆರೆದಿರಲಿ. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಮಾತ್ರ ಹಾಕಬೇಡಿ. ಅದು ಕೋಣೆಯ ಗಾಳಿಯನ್ನು ಹೊರಗೆ ಎಳೆಯುತ್ತದೆ. ಆ ಜಾಗ ತುಂಬಲು ಗಾಳಿ ಕೊಳವೆಯಿಂದಲೇ ಕೆಳಗೆ ಇಳಿಯುತ್ತದೆ, ಹೊಗೆಯನ್ನೂ ಜೊತೆಗೆ ತರುತ್ತದೆ. "ಎಲ್ಲಾ ಸರಿ ಮಾಡಿದರೂ ಹೊಗೆ ಬರುತ್ತದೆ" ಎಂದು ಬರೆಯುವವರು ಮೊದಲು ಈ ಫ್ಯಾನ್ ನಿಲ್ಲಿಸಿ ನೋಡಿ.

ಕೆಂಡ ಇರುವಾಗ ಕೊಳವೆಯ ತಡೆಹಲಗೆ, ಅಂದರೆ ಸೆಳೆತ ಕಡಿಮೆ ಮಾಡುವ ತಿರುಗುಮುಚ್ಚಳ, ಪೂರ್ತಿ ಮುಚ್ಚಬಾರದು. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳದೇ ಹೋಗಬಹುದು.

8. ಮೊದಲ ಬೆಂಕಿ

ಮಣ್ಣಿನ ಕೆಲಸ ಎರಡು ಮೂರು ವಾರ ಒಣಗಲಿ. ಮೊದಲು ಬೆಂಕಿ ಇಲ್ಲದೆ ಒಂದು ಊದಿನಕಡ್ಡಿ ಹಚ್ಚಿ ಒಲೆಯ ಬಾಯಿಗೆ ಹಿಡಿಯಿರಿ. ಹೊಗೆ ಒಳಗೆ ಬಾಗಿದರೆ ದಾರಿ ಸರಿ ಇದೆ. ನಿಮ್ಮ ಕಡೆಗೆ ಬಂದರೆ ಒಂದು ಹಾಳೆ ಕಾಗದ ಸುಟ್ಟು ಕೊಳವೆ ಬಿಸಿ ಮಾಡಿ ಮತ್ತೆ ನೋಡಿ. ಆಗಲೂ ಬಂದರೆ ಎತ್ತರ, ತಿರುವು ಮತ್ತೆ ಅಳೆಯಿರಿ.

ಮೊದಲ ಮೂರು ನಾಲ್ಕು ದಿನ ಸಣ್ಣ ಪುಳ್ಳೆಯ ಬೆಂಕಿ ಮಾತ್ರ. ದಿನಕ್ಕೆ ಅರ್ಧ ಗಂಟೆ ಸಾಕು. ಮೊದಲ ದಿನವೇ ಜಾಲಿ ಕೊರಡು ತುಂಬಿ ಉರಿಸಿದರೆ ಉಳಿದ ತೇವ ಒಮ್ಮೆಲೇ ಆವಿಯಾಗಿ ಇಟ್ಟಿಗೆ ಸಿಡಿಯುತ್ತದೆ. ಈ ದಿನಗಳಲ್ಲಿ ಮಾಳಿಗೆ ದಾಟುವ ಜಾಗದ ಹತ್ತಿರದ ಕಟ್ಟಿಗೆಯನ್ನು ಆಗಾಗ ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಬಿಸಿಯಾದರೆ ಒಲೆ ನಂದಿಸಿ, ಅಂತರ ಸರಿಪಡಿಸಿದ ಮೇಲೇ ಮತ್ತೆ ಹಚ್ಚಿ.

9. ಮಸಿ ತೆಗೆಯುವುದು

ಹಸಿ ಕಟ್ಟಿಗೆಯ ಹೊಗೆ ಕೊಳವೆಯೊಳಗೆ ತಣ್ಣಗಾಗಿ ಡಾಂಬರಿನಂಥ ಜಿಡ್ಡಾಗಿ ಕೂರುತ್ತದೆ. ಇದಕ್ಕೆ ಕ್ರಿಯೋಸೋಟ್ ಎಂದು ಹೆಸರು. ಇದು ಬೆಂಕಿ ಹಿಡಿದರೆ ಕೊಳವೆಯೇ ಉರಿಯುತ್ತದೆ. ಆದ್ದರಿಂದ ಜಾಲಿ ಕಡಿದು ಸೀಳಿ ಒಂದು ಬೇಸಿಗೆಯಾದರೂ ಒಣಗಿಸಿ, ಮಳೆಗಾಲದಲ್ಲಿ ತಗಡಿನ ಕೆಳಗೆ ಇಡಿ. ಕುಳ್ಳು ಬಳಸಿದರೆ ಬೂದಿ ಜಾಸ್ತಿ, ಜಾಲರಿ ದಿನಾ ಕೆದಕಬೇಕು. ಪ್ಲಾಸ್ಟಿಕ್, ಬಣ್ಣ ಹಚ್ಚಿದ ಹಲಗೆ ಒಲೆಗೆ ಬೇಡ.

ದಿನಾ ಉರಿಯುವ ಒಲೆಯ ಕೊಳವೆಯನ್ನು ತಿಂಗಳಿಗೊಮ್ಮೆ ಗುಡಿಸಿ. ಹಗ್ಗಕ್ಕೆ ಗೋಣಿಚೀಲದ ಗಂಟು ಕಟ್ಟಿ, ಕೆಳಗೆ ಸಣ್ಣ ಕಲ್ಲು ಜೋತುಬಿಟ್ಟು ಮೇಲಿನಿಂದ ಇಳಿಸಿ ಎಳೆದರೆ ಸಾಕು. ಮಳೆ ಟೋಪಿಯ ಒಳಗೂ ನೋಡಿ, ಹಕ್ಕಿ ಗೂಡು ಕಟ್ಟಿರುತ್ತದೆ. ಕಾಲು ಅಂಗುಲ ದಪ್ಪ ಜಿಡ್ಡು ಕಂಡರೆ ಅದನ್ನು ತೆಗೆಯುವವರೆಗೆ ಒಲೆ ಹಚ್ಚಬೇಡಿ.

ಕೊಳವೆಯೊಳಗೆ ಭೋರ್ ಎಂದು ಸದ್ದು ಬಂದು ತಗಡು ಕೆಂಪಾದರೆ ಒಳಗೆ ಬೆಂಕಿ ಹತ್ತಿದೆ ಎಂದು ಅರ್ಥ. ಒಲೆಯ ಬಾಯಿ, ಗಾಳಿಯ ದಾರಿ ಎಲ್ಲಾ ಮುಚ್ಚಿ. ಕೊಳವೆಗೆ ನೀರು ಸುರಿಯಬೇಡಿ, ಕಾದ ಕಬ್ಬಿಣ ಸೀಳಿ ಬೆಂಕಿ ಹೊರಬರುತ್ತದೆ. ಎಲ್ಲರನ್ನೂ ಹೊರಗೆ ಕಳಿಸಿ 101ಕ್ಕೋ 112ಕ್ಕೋ ಫೋನ್ ಮಾಡಿ. ಬೆಂಕಿ ತಾನೇ ಆರಿದರೂ ಜಂತಿಗಳನ್ನು, ಪ್ರತಿ ಜೋಡಣೆಯನ್ನು ಗೌಂಡಿಗೆ ತೋರಿಸಿದ ಮೇಲೇ ಆ ಒಲೆ ಮತ್ತೆ ಹಚ್ಚಿ.